ರಾಜಿಯಾಯಿತು, ಬಾಯಿಗೆ ಬೀಗ ಬಿತ್ತು

ಆಸ್ಪತ್ರೆಯಲ್ಲಿ ಜೀವ ಹೋದ ದಿನವೇ ಛಾಪಾ ಕಾಗದ ಸಿದ್ಧವಾಗುತ್ತದೆ. ಕೈಗೆ ದುಡ್ಡು, ಬಾಯಿಗೆ ಬೀಗ. 'ಎಲ್ಲೂ ಬಾಯಿ ಬಿಡುವುದಿಲ್ಲ' ಎಂದು ಬರೆಸಿಕೊಳ್ಳುವ ಆ ಕಾಗದ ಕಾನೂನಿನ ಎದುರು ಎಷ್ಟು ಗಟ್ಟಿ? ಅದನ್ನು ಬರೆಸುವ ವಕೀಲರು ಯಾರ ಪರ?

ನರ್ಸಿಂಗ್ ಹೋಮಿನ ಕಬ್ಬಿಣದ ಷಟರ್ ಅರ್ಧಕ್ಕೆ ಇಳಿದಿದೆ. ರಸ್ತೆಯಲ್ಲಿ ಎರಡು ಟೆಂಪೊಗಳಲ್ಲಿ ಬಂದಿಳಿದ ಊರಿನವರು, ಅವರಿಗೆ ಎದುರಾಗಿ ನಾಲ್ವರು ಪೊಲೀಸರು. ಆಂಬುಲೆನ್ಸಿನೊಳಗೆ ಬಿಳಿ ಬಟ್ಟೆ ಹೊದಿಸಿದ ಬಾಣಂತಿಯ ದೇಹ. ಹುಟ್ಟಿ ಒಂದು ದಿನ ತುಂಬದ ಕೂಸು ಅಜ್ಜಿಯ ಮಡಿಲಲ್ಲಿ.

ಮೊದಲ ಮಹಡಿಯ ಕೋಣೆಯಲ್ಲಿ ಮಾತುಕತೆ. ಡಾಕ್ಟರ ಕಡೆಯ ಇಬ್ಬರು, ಊರಿನ ಯಜಮಾನರು, ಒಬ್ಬ ಪುಢಾರಿ, ಕರಿ ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದ ಒಬ್ಬರು ವಕೀಲರು. ಹೆಂಡತಿಯನ್ನು ಕಳೆದುಕೊಂಡವನು ಮೂಲೆಯಲ್ಲಿ ಕೂತಿದ್ದಾನೆ. 'ಹೋದ ಜೀವ ವಾಪಸ್ ಬತ್ತದೇನಪ್ಪಾ? ಇರೋ ಮಗೀಗೆ ಒಂದು ದಾರಿ ಮಾಡ್ಕೊ. ಕೋರ್ಟು ಕಚೇರಿ ಅಂತ ಅಲೆದ್ರೆ ಚಪ್ಪಲಿ ಸವೀತದೆ ಅಷ್ಟೆ' ಎನ್ನುತ್ತಾರೆ ಯಜಮಾನರು. ಅವರ ಮಾತಿನಲ್ಲಿ ಕಪಟವಿಲ್ಲ. ಕೋರ್ಟು ಅಲೆದವರನ್ನು ಅವರು ಕಂಡಿದ್ದಾರೆ.

ಹೊತ್ತು ಮುಳುಗುವುದರೊಳಗೆ ಛಾಪಾ ಕಾಗದ ಬರುತ್ತದೆ. 'ಚಿಕಿತ್ಸೆಯಲ್ಲಿ ಯಾವುದೇ ಲೋಪ ಇರುವುದಿಲ್ಲ.' 'ಕೇವಲ ಮಾನವೀಯತೆಯ ದೃಷ್ಟಿಯಿಂದ ನೆರವು ನೀಡಲಾಗಿದೆ.' 'ಮರಣೋತ್ತರ ಪರೀಕ್ಷೆ ನಮಗೆ ಬೇಡ.' 'ಪೊಲೀಸ್ ಠಾಣೆ, ನ್ಯಾಯಾಲಯ, ವೈದ್ಯಕೀಯ ಪರಿಷತ್ತು, ಪತ್ರಿಕೆ, ಟಿ.ವಿ., ವಾಟ್ಸ್ಆ್ಯಪ್ ಎಲ್ಲಿಯೂ ಈ ವಿಷಯ ಪ್ರಸ್ತಾಪಿಸತಕ್ಕದ್ದಲ್ಲ. ತಪ್ಪಿದಲ್ಲಿ ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸತಕ್ಕದ್ದು.' ಕೆಳಗೆ ಎಡಗೈ ಹೆಬ್ಬೆಟ್ಟು.

ಇದು ಇಂಥ ಆಸ್ಪತ್ರೆಯದು, ಇಂಥ ದಿನದ್ದು ಎಂದು ಬೆರಳು ಮಾಡಿ ತೋರಿಸುವ ದೃಶ್ಯವಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಓಡಾಡಿದವರಿಗೆ ಇದರ ಒಂದಲ್ಲ ಒಂದು ತುಣುಕು ಗೊತ್ತಿರುತ್ತದೆ. ಆ ತುಣುಕುಗಳನ್ನು ಇಲ್ಲಿ ಜೋಡಿಸಿದ್ದೇನೆ. ಗುಬ್ಬಿಯವರಿಗೆ ತುಮಕೂರಿನ ಬಿ.ಎಚ್. ರಸ್ತೆಯ ಆಸ್ಪತ್ರೆಗಳು ಕೈಗೆಟುಕುವ ದೂರ. ಕುಣಿಗಲ್ಲಿನವರು ಒಂದು ಕಾಲು ತುಮಕೂರಿನ ಕಡೆ, ಇನ್ನೊಂದು ಕಾಲು ಬೆಂಗಳೂರಿನ ಕಡೆ ಇಟ್ಟವರು. ದಾರಿ ಯಾವುದಾದರೂ, ಕೆಟ್ಟದ್ದು ನಡೆದುಹೋದಾಗ ಕೊನೆಗೆ ಎದುರಾಗುವುದು ಇದೇ ಕಾಗದ.

ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿದ್ದದ್ದು ಅಂದು. ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆಮೇಲೆ, 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣದಲ್ಲಿ. ಬಾಗಿಲು ತೆರೆದು ಮೂರು ದಶಕಗಳಾದವು. ಆದರೂ ಎಷ್ಟೋ ದೂರುಗಳು ಆ ಬಾಗಿಲ ತನಕ ಬರುವುದೇ ಇಲ್ಲ. ಮೊದಲ ಮಹಡಿಯ ಕೋಣೆಯಲ್ಲೇ ಮುಗಿದುಹೋಗುತ್ತವೆ.

ಅರ್ಧ ಗಟ್ಟಿ, ಅರ್ಧ ಪೊಳ್ಳು

ರಾಜಿ ಮಾಡಿಕೊಳ್ಳುವುದು ತಪ್ಪಲ್ಲ. ಪರಿಹಾರದ ಹಕ್ಕನ್ನು ಹಣ ಪಡೆದು ಬಿಟ್ಟುಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಎಷ್ಟು ಕೊಟ್ಟರು ಎಂಬುದನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡರೆ ಅದೂ ಸಾಮಾನ್ಯವಾಗಿ ನಿಲ್ಲುವ ಮಾತೇ. ಹಾಗಾಗಿ ಸಹಿ ಹಾಕಿ ಬಂದು ಮರುದಿನ ಮೊತ್ತವನ್ನು ಊರಿಗೆಲ್ಲ ಸಾರಿದರೆ ನೋಟಿಸು ಬಂದೀತು.

ಆದರೆ ಕಾಗದ ಅಷ್ಟಕ್ಕೇ ನಿಲ್ಲುವುದಿಲ್ಲವಲ್ಲ. ಪೊಲೀಸರಿಗೆ ಹೇಳಬೇಡಿ, ವೈದ್ಯಕೀಯ ಪರಿಷತ್ತಿಗೆ ಬರೆಯಬೇಡಿ, ಸಾಕ್ಷಿ ನುಡಿಯಬೇಡಿ ಎನ್ನುವಲ್ಲಿಗೆ ಅದರ ಜೀವ ಹೋಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮಿನ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಅನೂರ್ಜಿತ. ಆ ಕಲಮಿನ ಕೆಳಗೆ ಶಾಸನ ಬರೆದವರೇ ಒಂದು ಉದಾಹರಣೆ ಕೊಟ್ಟಿದ್ದಾರೆ: ದರೋಡೆಯ ಕೇಸು ಹಾಕಿದವನು ಅದನ್ನು ಕೈಬಿಡುತ್ತೇನೆ ಎನ್ನುತ್ತಾನೆ, ಆರೋಪಿ ದೋಚಿದ ಮಾಲಿನ ಬೆಲೆ ಕೊಡುತ್ತೇನೆ ಎನ್ನುತ್ತಾನೆ. ಇಬ್ಬರೂ ಒಪ್ಪಿದ್ದಾರೆ, ಇಬ್ಬರಿಗೂ ಸಮಾಧಾನ. ಆದರೂ ಆ ಒಪ್ಪಂದ ಅನೂರ್ಜಿತ. ಅಪರಾಧವೆಂಬುದು ಇಬ್ಬರ ನಡುವಿನ ವ್ಯವಹಾರವಲ್ಲ ಎಂಬ ತಿಳಿವಳಿಕೆ ಆ ಎರಡು ಸಾಲಿನಲ್ಲಿದೆ.

28ನೇ ಕಲಂ ಇನ್ನೊಂದು ಬಾಗಿಲು ಕಾಯುತ್ತದೆ. ನ್ಯಾಯಾಲಯಕ್ಕೆ ಹೋಗಿ ಹಕ್ಕು ಕೇಳುವುದನ್ನೇ ಪೂರ್ತಿ ತಡೆಯುವ ಷರತ್ತು ಅಷ್ಟರಮಟ್ಟಿಗೆ ಅನೂರ್ಜಿತ. 16ನೇ ಕಲಮನ್ನಂತೂ ಆ ಮೊದಲ ಮಹಡಿಯ ಕೋಣೆಯನ್ನು ನೋಡಿಯೇ ಬರೆದರೇನೋ ಎನ್ನಿಸುತ್ತದೆ. ವಯಸ್ಸು, ಕಾಯಿಲೆ, ಮನಸ್ಸಿನ ಅಥವಾ ದೇಹದ ಸಂಕಟದಿಂದ ವಿವೇಚನೆ ಕುಂದಿದವರೊಡನೆ ಒಪ್ಪಂದ ಮಾಡಿಕೊಂಡು ಅನುಚಿತ ಲಾಭ ಪಡೆದರೆ ಅದು ಅನುಚಿತ ಪ್ರಭಾವ. ಆ ಒಪ್ಪಂದವನ್ನು ರದ್ದು ಮಾಡಿಸಿಕೊಳ್ಳಬಹುದು. ಹೆಂಡತಿಯ ಹೆಣ ಕೆಳಗಿರುವಾಗ ಮೇಲೆ ಹೆಬ್ಬೆಟ್ಟು ಒತ್ತಿದವನ ಸಂಕಟಕ್ಕೆ ಬೇರೆ ಪುರಾವೆ ಏನು ಬೇಕು?

ನಿರ್ಲಕ್ಷ್ಯದಿಂದ ಸಾವು ತರುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಅಪರಾಧ. ಇತರರಿಗೆ ಐದು ವರ್ಷದವರೆಗೆ ಶಿಕ್ಷೆಯಿದ್ದರೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಕಕ್ಷಿದಾರರು ತಾವೇ ರಾಜಿಯಾಗಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದಿಲ್ಲ. ರಾಜಿಯಾಗಿದೆ ಎಂಬ ಕಾರಣಕ್ಕೆ ಪ್ರಕರಣ ರದ್ದು ಮಾಡುವ ವಿಶೇಷಾಧಿಕಾರ ಇರುವುದು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಿಗೆ ಮಾತ್ರ. ಸುಪ್ರೀಂ ಕೋರ್ಟಿನ 2012ರ ಜ್ಞಾನ್ ಸಿಂಗ್ ತೀರ್ಪು ಅದರ ಅಳತೆಗೋಲು ಹೇಳಿದೆ. ಠಾಣೆಯ ಬೆಂಚಿನ ಮೇಲೆ ಆಗುವ ರಾಜಿಗೆ ಆ ಶಕ್ತಿಯಿಲ್ಲ. ಹಾಗೆಂದು ಪ್ರತಿ ಸಾವೂ ಅಪರಾಧವಾಗುವುದಿಲ್ಲ. ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ನಿರ್ಲಕ್ಷ್ಯ ತೀರಾ ಗಂಭೀರವಾಗಿರಬೇಕು, ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಡೀ ಕಾಗದದಲ್ಲಿ ನನಗೆ ಹೆಚ್ಚು ಅಪಾಯಕಾರಿ ಎನ್ನಿಸುವುದು ಬಾಯಿ ಮುಚ್ಚಿಸುವ ಸಾಲಲ್ಲ, ಮರಣೋತ್ತರ ಪರೀಕ್ಷೆ ಬೇಡವೆನ್ನುವ ಸಾಲು. ಬಾಯಿಯನ್ನು ಆಮೇಲೂ ತೆರೆಯಬಹುದು. ದಹನವಾದ ದೇಹ ಏನನ್ನೂ ಹೇಳುವುದಿಲ್ಲ. ಸಾವಿನ ಕಾರಣವೇ ದಾಖಲಾಗದಿದ್ದರೆ ಕುಟುಂಬಕ್ಕೆ ಕೇಸು ಕಷ್ಟ, ತಪ್ಪಿಲ್ಲದ ಡಾಕ್ಟರಿಗೆ ಕಳಂಕ ತೊಳೆದುಕೊಳ್ಳುವುದೂ ಕಷ್ಟ.

ಬಾಕ್ಸ್: ಕಾಗದ ತಡೆಯಲಾಗದ್ದು

* ಕೇಸ್ ಶೀಟ್ ಕೇಳುವ ಹಕ್ಕು. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಿಡಬೇಕು ಎನ್ನುತ್ತದೆ 2002ರ ವೈದ್ಯ ವೃತ್ತಿ ನಡಾವಳಿ ನಿಯಮ.
* ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು. ವೈದ್ಯರ ನೋಂದಣಿ, ಶಿಸ್ತಿಗೆ ಸಂಬಂಧಿಸಿದ ನಡಾವಳಿಯನ್ನು 2023ರ ಮಧ್ಯಸ್ಥಿಕೆ ಕಾಯ್ದೆಯೇ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.
* ಖಾಸಗಿ ಆಸ್ಪತ್ರೆಗಳ ಮೇಲಿನ ದೂರು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಬಿಲ್ ಬಾಕಿಗೆ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ಕಾಯ್ದೆಯ ಮಾತು.
* ತಾಯಿ ಮರಣ ಪರಿಶೀಲನೆ. ಪ್ರತಿ ಬಾಣಂತಿಯ ಸಾವೂ ವರದಿಯಾಗಬೇಕು. ಜಿಲ್ಲಾಧಿಕಾರಿ ನಡೆಸುವ ಪರಿಶೀಲನೆಗೆ ಮೃತಳ ಕುಟುಂಬದವರನ್ನು ಕರೆದು ಕೇಳಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಬಾಯಿ ತೆರೆದಾಗ ಏನಾಯಿತು?

2022ರ ನವೆಂಬರ್ ಮೊದಲ ವಾರ. ತುಮಕೂರಿನ ಭಾರತಿನಗರದ ಬಾಡಿಗೆ ಮನೆಯಲ್ಲಿದ್ದ ತಮಿಳುನಾಡು ಮೂಲದ ಬಡ ಗರ್ಭಿಣಿಗೆ ಹೆರಿಗೆ ನೋವು ಬಂತು. ನೆರೆಹೊರೆಯವರು ದುಡ್ಡು ಒಟ್ಟುಮಾಡಿ ಆಟೊದಲ್ಲಿ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ತಾಯಿ ಕಾರ್ಡ್ ಎಲ್ಲಿ, ಆಧಾರ್ ಎಲ್ಲಿ ಎಂದು ಕೇಳಿ ಅಲ್ಲಿ ದಾಖಲಿಸಿಕೊಳ್ಳಲಿಲ್ಲ, ಬೆಂಗಳೂರಿಗೆ ಹೋಗಿ ಎಂದರು ಎಂಬುದು ಆರೋಪ. ಆಕೆ ಮನೆಗೆ ಮರಳಿದಳು. ಅವಳಿ ಗಂಡುಮಕ್ಕಳು ಹುಟ್ಟಿದವು. ತಾಯಿಯೂ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ.

ರಾಜ್ಯವೆಲ್ಲ ಬೆಚ್ಚಿತು. ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ತುಮಕೂರಿಗೆ ಬಂದರು. ವೈದ್ಯೆ ಮತ್ತು ಶುಶ್ರೂಷಕಿಯರು ಅಮಾನತಾದರು. ತುರ್ತು ಸಂದರ್ಭದಲ್ಲಿ ದಾಖಲೆ ಇಲ್ಲವೆಂದು ಯಾರನ್ನೂ ವಾಪಸು ಕಳಿಸಬಾರದು ಎಂಬ ಸೂಚನೆ ರಾಜ್ಯದ ಆಸ್ಪತ್ರೆಗಳಿಗೆ ಹೋಯಿತು.

ಇದೆಲ್ಲ ಸಾಧ್ಯವಾದದ್ದು ನೆರೆಯವರು ಮಾತಾಡಿದ್ದರಿಂದ. ಅವರ ಕೈಗೆ ಯಾರೂ ಕಾಗದ ಕೊಟ್ಟಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಇದೇ ಜಿಲ್ಲೆಯ ಪಾವಗಡದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರು ಮಹಿಳೆಯರು ತೀರಿಕೊಂಡರು. ಮೂರು ಮನೆಯ ಸಾವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದರಿಂದ ಶಸ್ತ್ರಚಿಕಿತ್ಸಾ ಕೊಠಡಿಯ ಶುಚಿತ್ವದ ಪ್ರಶ್ನೆ ಎದ್ದಿತು, ಸಿಬ್ಬಂದಿಯ ಮೇಲೆ ಕ್ರಮವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಸತ್ತಾಗ ಅನುಮಾನ ಹೋದದ್ದು ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದರ ಬಳಕೆ ನಿಂತಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ಇವೆಲ್ಲ ಸರ್ಕಾರಿ ಆಸ್ಪತ್ರೆಗಳ ಕಥೆಗಳು, ಇಲ್ಲಿ ಗುಟ್ಟಿನ ರಾಜಿ ಇರಲಿಲ್ಲ. ಅದಕ್ಕಾಗಿಯೇ ಹೇಳುತ್ತಿದ್ದೇನೆ. ಬಳ್ಳಾರಿಯ ಪ್ರತಿ ಮನೆಯವರೂ ಬೇರೆ ಬೇರೆ ಕೋಣೆಯಲ್ಲಿ ಕೂತು 'ಯಾರಿಗೂ ಹೇಳುವುದಿಲ್ಲ' ಎಂದು ಸಹಿ ಹಾಕಿದ್ದರೆ ಆ ಬಾಟಲಿಯ ಕಡೆ ಯಾರ ಕಣ್ಣೂ ಹೋಗುತ್ತಿರಲಿಲ್ಲ. ಒಂದು ಸಾವು ವಿಧಿಯಂತೆ ಕಾಣುತ್ತದೆ; ಮೂರನೆಯದಕ್ಕೆ ಕಾರಣ ಹುಡುಕುತ್ತಾರೆ. ಮೊತ್ತ ಬೇಕಾದರೆ ಗುಟ್ಟಾಗಿರಲಿ, ತಪ್ಪು ಗುಟ್ಟಾಗಬಾರದು ಎಂದು ನಾನು ಹೇಳುವುದು ಇದಕ್ಕೇ.

ಮೊತ್ತದ ಗುಟ್ಟಿಗೂ ಒಂದು ಬೆಲೆಯಿದೆ ಎನ್ನಿ. 2009ರಲ್ಲಿ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಕೋಟಿ ರೂಪಾಯಿ ಪರಿಹಾರ ಕೊಡಿಸಿತು. 2013ರಲ್ಲಿ ಕೋಲ್ಕತ್ತದ ಡಾ. ಕುನಾಲ್ ಸಹಾ ಪ್ರಕರಣದಲ್ಲಿ ಬಡ್ಡಿ ಬಿಟ್ಟು 5.96 ಕೋಟಿ. ಯಾವ ಲೆಕ್ಕದಲ್ಲಿ ಅಷ್ಟಾಯಿತು ಎಂಬುದು ತೀರ್ಪಿನಲ್ಲಿ ಸಾಲು ಸಾಲಾಗಿ ಇದೆ, ಯಾರು ಬೇಕಾದರೂ ಓದಬಹುದು. ಮುಚ್ಚಿದ ಕೋಣೆಯ ರಾಜಿಯಲ್ಲಿ ಲೆಕ್ಕವೇ ಇಲ್ಲ. ಹಿಂದಿನ ಬಾರಿ ಎಷ್ಟಕ್ಕೆ ಮುಗಿಯಿತು ಎಂಬುದು ಆಸ್ಪತ್ರೆಯ ಕಡೆಯವರಿಗೆ ಗೊತ್ತು. ಕುಣಿಗಲ್ ಸೀಮೆಯ ರಾಗಿ ಹೊಲದಿಂದ ಎದ್ದು ಬಂದವನಿಗೆ ಗೊತ್ತಿಲ್ಲ.

ಕರಿ ಕೋಟಿನ ಕಟ್ಟುಪಾಡು

ಈಗ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿದವರ ವಿಷಯಕ್ಕೆ ಬರೋಣ. ಅವರು ಯಾರ ಪರ? ಕೇಳಿ ನೋಡಿ. 'ಇಬ್ಬರಿಗೂ ಬೇಕಾದವರು' ಎಂಬ ಉತ್ತರ ಬಂದರೆ ಅಲ್ಲೇ ಎದ್ದುಬಿಡುವುದು ಮೇಲು.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಈ ಬಗ್ಗೆ ಬಹಳ ಸ್ಪಷ್ಟ. ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ. ಎದುರು ಪಕ್ಷಕ್ಕೆ ವಕೀಲರಿದ್ದರೆ ಅವರನ್ನು ಬಿಟ್ಟು ನೇರವಾಗಿ ಆ ಪಕ್ಷದವರೊಡನೆ ರಾಜಿಯ ಮಾತಾಡುವಂತಿಲ್ಲ. ಕಕ್ಷಿದಾರನ ಮಾತಿನಂತೆ ನಡೆಯಬೇಕೇ ಹೊರತು ಪುಢಾರಿಯ ಮಾತಿನಂತೆ ಅಲ್ಲ.

ಇನ್ನು ಫೀಸು. 'ಬಂದದ್ದರಲ್ಲಿ ಇಷ್ಟು ಪರ್ಸೆಂಟ್' ಎಂಬ ಮಾತು ನಮ್ಮ ಕೋರ್ಟು ಆವರಣಗಳಲ್ಲಿ ಕಿವಿಗೆ ಹೊಸದಲ್ಲ. ಅಮೆರಿಕದಲ್ಲಿ ಅದು ಸಲೀಸು; ಅಲ್ಲಿ ಇಂಥ ಕೇಸುಗಳು ನಡೆಯುವುದೇ ಹಾಗೆ. ನಮ್ಮಲ್ಲಿ ಅದು ನಿಷಿದ್ಧ. ಗೆಲುವಿನ ಮೇಲೆ ನಿಂತ ಫೀಸು ಗೊತ್ತುಮಾಡಿಕೊಳ್ಳುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ ಎನ್ನುತ್ತದೆ 20ನೇ ನಿಯಮ. 1954ರಲ್ಲೇ ಸುಪ್ರೀಂ ಕೋರ್ಟ್, ತೀರ್ಪಿನಲ್ಲಿ 'ಜಿ' ಎಂದಷ್ಟೇ ಕರೆದ ಹಿರಿಯ ವಕೀಲರೊಬ್ಬರ ಪ್ರಕರಣದಲ್ಲಿ ಇದನ್ನು ವೃತ್ತಿ ದುರ್ನಡತೆ ಎಂದಿತು. ಪಾಲಿನ ಆಸೆ ಹುಟ್ಟಿದ ವಕೀಲರಿಗೆ ಇಂದಿನ ರಾಜಿ ಹತ್ತಿರ, ಐದು ವರ್ಷದ ಕೇಸು ದೂರ. ಕಕ್ಷಿದಾರನ ಹಿತ ಯಾವ ಕಡೆಗಿದೆ ಎಂಬ ಪ್ರಶ್ನೆ ಆಗ ಹಿಂದೆ ಸರಿಯುತ್ತದೆ.

ಹಣ ವಕೀಲರ ಕೈ ಸೇರಿದ ಮೇಲೆ ಏನು? ಕಕ್ಷಿದಾರನ ಲೆಕ್ಕ ಪ್ರತ್ಯೇಕ ಇಡಬೇಕು, ಹಣ ಬಂದೊಡನೆ ತಿಳಿಸಬೇಕು, ಕೇಳಿದಾಗ ಲೆಕ್ಕದ ನಕಲು ಕೊಡಬೇಕು. ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ದೆಹಲಿಯ ಡಿ.ಕೆ. ಗಾಂಧಿ ಎಂಬವರ ಪ್ರಕರಣ ನೋಡಿ. ಚೆಕ್ ಬೌನ್ಸ್ ಕೇಸಿಗೆ ವಕೀಲರನ್ನು ಹಿಡಿದರು. ಎದುರಾಳಿ ರಾಜಿಗೆ ಒಪ್ಪಿ ಹಣ ಕೊಟ್ಟ. ಆ ಹಣ ವಕೀಲರ ಕೈಯಲ್ಲೇ ಉಳಿಯಿತು, ಫೀಸು ಬಾಕಿ ಎಂಬ ತಗಾದೆ ಹುಟ್ಟಿತು ಎಂಬುದು ಅವರ ದೂರು. ಗ್ರಾಹಕ ನ್ಯಾಯಾಲಯಕ್ಕೆ ಹೋದರು. 2007ರಲ್ಲಿ ರಾಷ್ಟ್ರೀಯ ಆಯೋಗ, ವಕೀಲರೂ ಗ್ರಾಹಕ ಕಾಯ್ದೆಯಡಿ ಬರುತ್ತಾರೆ ಎಂದಿತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಅಂದರೆ ಇಂದಿನ ಸ್ಥಿತಿ ಹೀಗೆ: ಆಪರೇಷನ್ ಕೆಟ್ಟರೆ ಡಾಕ್ಟರನ್ನು ಗ್ರಾಹಕ ಆಯೋಗಕ್ಕೆ ಎಳೆಯಬಹುದು. ಆ ಆಪರೇಷನ್ನಿನ ರಾಜಿಯನ್ನು ವಕೀಲರು ಕೆಡಿಸಿದರೆ ಅವರನ್ನು ಎಳೆಯುವಂತಿಲ್ಲ. ಕಾರಣ? ಕಕ್ಷಿದಾರನಿಗೆ ತನ್ನ ವಕೀಲರ ಮೇಲೆ ಗಣನೀಯ ನೇರ ಹಿಡಿತ ಇರುತ್ತದೆ ಎಂದಿತು ನ್ಯಾಯಾಲಯ. ಗುಬ್ಬಿ ಕೋರ್ಟಿನ ಮೆಟ್ಟಿಲ ಮೇಲೆ ಬೆಳಗ್ಗಿನಿಂದ ಕಾಯುತ್ತಾ ಕೂತ ಕಕ್ಷಿದಾರನಿಗೆ ಇದನ್ನು ಓದಿ ಹೇಳಿದರೆ ಅವನು ನಗುತ್ತಾನೋ ಅಳುತ್ತಾನೋ! ಅವನಿಗೆ ಉಳಿದ ದಾರಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ದೂರು, ಇಲ್ಲವೇ ಸಿವಿಲ್ ದಾವೆ.

ವಕಾಲತ್ತಿನ ಅಚ್ಚಾದ ನಮೂನೆಯಲ್ಲಿ 'ರಾಜಿ ಮಾಡಿಕೊಳ್ಳಲು, ಹಣ ಪಡೆಯಲು' ಅಧಿಕಾರ ಕೊಟ್ಟಿರುವ ಸಾಲು ಇರುತ್ತದೆ. ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ಕಕ್ಷಿದಾರನ ಹಕ್ಕನ್ನು ಬಿಟ್ಟುಕೊಡುವ ಮೊದಲು ವಕೀಲರು ಅವನ ಸ್ಪಷ್ಟ ಸೂಚನೆ ಪಡೆಯಬೇಕು ಎಂದು 2015ರ ಹಿಮಾಲಯನ್ ಸಹಕಾರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದರೆ ಯಾರೂ ಬೇಸರಪಟ್ಟುಕೊಳ್ಳಬೇಕಾಗಿಲ್ಲ.

ಇನ್ನೊಂದು ಗೊಂದಲವೂ ಇದೆ. ವಕೀಲರಿಗೂ ಕಕ್ಷಿದಾರನಿಗೂ ನಡುವಿನ ಮಾತು ಗೋಪ್ಯ ಎಂಬ ನಿಯಮವನ್ನು ಕೆಲವರು ತಿರುಗಿಸಿ ಹೇಳುತ್ತಾರೆ, ಕಕ್ಷಿದಾರನೇ ಬಾಯಿ ಬಿಡಬಾರದು ಎಂಬಂತೆ. ಆ ಗುಟ್ಟಿನ ಒಡೆಯ ಕಕ್ಷಿದಾರ. ಕಾಯುವ ಹೊಣೆ ಮಾತ್ರ ವಕೀಲರದು. ಕಾನೂನುಬಾಹಿರ ಉದ್ದೇಶಕ್ಕೆ ಆಡಿದ ಮಾತಿಗಂತೂ ಆ ರಕ್ಷಣೆಯೂ ಇಲ್ಲ.

ಡಾಕ್ಟರ ಕಡೆಯಿಂದ ನೋಡಿದರೆ

ಆ ಅರ್ಧ ಇಳಿದ ಷಟರಿನ ಒಳಗೆ ಇರುವವರೂ ನಡುಗುತ್ತಿರುತ್ತಾರೆ. ಹೆರಿಗೆಯ ನಂತರದ ರಕ್ತಸ್ರಾವ ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಜೀವ ತೆಗೆಯಬಲ್ಲದು. ಅದನ್ನು ವಿವರಿಸಲು ರಸ್ತೆಯ ಮೇಲಿನ ಗುಂಪು ಪುರುಸೊತ್ತು ಕೊಡುವುದಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ಆದರೂ ಗಾಜು ಪುಡಿಯಾಗುವ ಮೊದಲೇ ದುಡ್ಡು ಕೊಟ್ಟು ಕಳಿಸುವುದು ಲೇಸು ಎಂದು ತಪ್ಪಿಲ್ಲದವರೂ ಭಾವಿಸುತ್ತಾರೆ. ಎಷ್ಟು ಕೊಟ್ಟರೆಂಬುದು ಹೊರಬಿದ್ದರೆ ನಾಳೆ ಇನ್ನೊಂದು ಟೆಂಪೊ ಬಂದು ನಿಲ್ಲುತ್ತದೆ ಎಂಬ ಅವರ ಭಯವೂ ಸುಳ್ಳಲ್ಲ.

ಹಾಗೆ ನೋಡಿದರೆ ಗುಟ್ಟಿನ ರಾಜಿ ಒಳ್ಳೆಯ ವೈದ್ಯರಿಗೇ ಹೆಚ್ಚು ಅನ್ಯಾಯ ಮಾಡುತ್ತದೆ. ತಪ್ಪು ಮಾಡಿದವರೂ ದುಡ್ಡು ಕೊಡುತ್ತಾರೆ, ಮಾಡದವರೂ ಕೊಡುತ್ತಾರೆ. ಯಾರು ಯಾಕೆ ಕೊಟ್ಟರು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಊರಿನ ಬಾಯಲ್ಲಿ ಇಬ್ಬರೂ ಒಂದೇ.

ಅಮೆರಿಕದವರು ಈ ಗಂಟನ್ನು ಬೇರೆ ರೀತಿ ಬಿಡಿಸಲು ನೋಡಿದ್ದಾರೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಗಳ ರಾಜಿ ಪತ್ರಗಳನ್ನು ಅಲ್ಲಿನ ಸಂಶೋಧಕರು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. 124 ರಾಜಿಗಳಲ್ಲಿ 110ರಲ್ಲಿ ಗೋಪ್ಯತೆಯ ಷರತ್ತು ಇತ್ತು. ಅವುಗಳಲ್ಲಿ 29 ಪತ್ರಗಳು ನಿಯಂತ್ರಣ ಸಂಸ್ಥೆಗಳಿಗೆ ದೂರು ಕೊಡುವುದನ್ನೂ ತಡೆದಿದ್ದವು. ಕ್ಯಾಲಿಫೋರ್ನಿಯಾದಲ್ಲಿ ವೈದ್ಯರು ಅಂಥ ಷರತ್ತು ಹಾಕುವುದನ್ನೇ ಕಾನೂನು ನಿಷೇಧಿಸಿದೆ. ಇದಲ್ಲದೆ 1990ರಿಂದ ಅಲ್ಲಿ ರಾಷ್ಟ್ರೀಯ ವೈದ್ಯರ ದತ್ತಾಂಶ ಕೋಶವೊಂದಿದೆ. ವೈದ್ಯರ ಪರವಾಗಿ ಪರಿಹಾರ ಕೊಟ್ಟರೆ, ರಾಜಿ ಎಷ್ಟೇ ಗುಟ್ಟಿನದಾಗಿರಲಿ, ಕೊಟ್ಟವರು ಅದಕ್ಕೆ ವರದಿ ಮಾಡಲೇಬೇಕು. ಸಾರ್ವಜನಿಕರು ಅದನ್ನು ನೋಡುವಂತಿಲ್ಲ. ಆಸ್ಪತ್ರೆಗಳು, ಪರವಾನಗಿ ಕೊಡುವ ಮಂಡಳಿಗಳು ನೋಡುತ್ತವೆ. ಡಾಕ್ಟರ ಮಾನವೂ ಉಳಿಯಿತು, ತಪ್ಪು ಮರುಕಳಿಸಿದರೆ ಹಿಡಿಯುವ ದಾರಿಯೂ ಉಳಿಯಿತು. ನಮ್ಮ ವೈದ್ಯಕೀಯ ಪರಿಷತ್ತುಗಳು ಇಷ್ಟನ್ನಾದರೂ ಕಲಿಯಬಹುದು.

ಮಧ್ಯಸ್ಥಿಕೆಗೂ ಒಗ್ಗದ ಸಾವು

ನಮ್ಮ ಕಾನೂನಿನಲ್ಲಿ ಒಂದು ವಿಚಿತ್ರವಿದೆ. 2019ರ ಹೊಸ ಗ್ರಾಹಕ ಕಾಯ್ದೆ ಆಯೋಗಗಳಲ್ಲಿ ಮಧ್ಯಸ್ಥಿಕೆಯ ದಾರಿ ತೆರೆಯಿತು. ಆದರೆ ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾದ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸುವಂತಿಲ್ಲ ಎಂದು 2020ರ ನಿಯಮಗಳ 4ನೇ ನಿಯಮ ಹೇಳಿತು. ಉದ್ದೇಶ ಒಳ್ಳೆಯದೇ: ಜೀವದ ಪ್ರಶ್ನೆ ತೆರೆದ ಕೋರ್ಟಿನಲ್ಲಿ ತೀರ್ಮಾನವಾಗಲಿ. ಆಯೋಗದ ಕಣ್ಣೆದುರಿನ ಮಧ್ಯಸ್ಥಿಕೆಗೆ ಹೀಗೆ ಬಾಗಿಲು ಮುಚ್ಚಿತು. ಯಾರ ಕಣ್ಣಿಗೂ ಬೀಳದ ಮೊದಲ ಮಹಡಿಯ ಕೋಣೆ ಮಾತ್ರ ತೆರೆದೇ ಉಳಿಯಿತು.

ರಾಜಿಯೇ ಬೇಕೆಂದರೆ ಲೋಕ ಅದಾಲತ್ತು ಇದೆ. ಸಿವಿಲ್ ಪರಿಹಾರದ ಮಟ್ಟಿಗೆ ಅಲ್ಲಿ ಬರೆದ ರಾಜಿಗೆ ಡಿಕ್ರಿಯ ಬಲವಿದೆ, ನ್ಯಾಯಾಧೀಶರು ಎದುರಿಗೆ ಇರುತ್ತಾರೆ, ಷರತ್ತುಗಳನ್ನು ಓದಿ ಹೇಳುತ್ತಾರೆ. ಅವರೆದುರು 'ಪೊಲೀಸರಿಗೆ ಹೇಳಬಾರದು' ಎಂದು ಬರೆಸುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ. ರಾಜಿಯಾಗಲಾಗದ ಅಪರಾಧವನ್ನು ಮುಟ್ಟುವ ಅಧಿಕಾರ ಲೋಕ ಅದಾಲತ್ತಿಗೂ ಇಲ್ಲ ಎಂಬುದು ಕುಟುಂಬಕ್ಕೆ ರಕ್ಷಣೆಯೇ.

ತಬ್ಬಲಿಯಾದ ಕೂಸಿನ ಪಾಲು ಬೇರೆಯೇ. ದಾವೆ ನಡೆಯುತ್ತಿರುವಾಗ ಅಪ್ರಾಪ್ತರ ಪರವಾಗಿ ರಾಜಿ ಮಾಡಿಕೊಳ್ಳಬೇಕಾದರೆ ನ್ಯಾಯಾಲಯದ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ ಹಾಗೆ ಹೇಳುತ್ತದೆ. ಮಗುವಿನ ಹಣವನ್ನು ದೊಡ್ಡವರು ಸಾಲಕ್ಕೋ ತಿಥಿಯೂಟಕ್ಕೋ ಕರಗಿಸಬಾರದೆಂಬ ಎಚ್ಚರ ಅದರ ಹಿಂದಿದೆ.

ಬಾಕ್ಸ್: ತುಮಕೂರಿನಲ್ಲೇ ದೂರು ಕೊಡಬಹುದೇ?

* ಹೌದು. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕುಣಿಗಲ್ಲಿನವರಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅನ್ಯಾಯವಾಗಿದ್ದರೂ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರಬಹುದು.
* ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಕಟ್ಟಿದ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ.
* ವಕೀಲರೇ ಬೇಕೆಂದಿಲ್ಲ, ತಾವೇ ವಾದಿಸಬಹುದು.
* ಎರಡು ವರ್ಷದೊಳಗೆ ದೂರು ಕೊಡಬೇಕು.
* ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ದೂರಬಹುದು.

ಕಾಗದ ಮುಂದಿಟ್ಟಾಗ ಸಹಿ ಹಾಕದೆ ಒಂದು ನಕಲು ಕೇಳಿ. ನಕಲು ಕೊಡಲೊಪ್ಪದ ಕಾಗದಕ್ಕೆ ಸಹಿ ಬೇಡ. ಕೇಸ್ ಶೀಟಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾವಿನ ಕಾರಣ ಅನುಮಾನವೆನಿಸಿದರೆ ಮರಣೋತ್ತರ ಪರೀಕ್ಷೆ ಆಗಲೇಬೇಕೆಂದು ಹಟ ಹಿಡಿಯಿರಿ. ಹಣ ಪಡೆಯುವುದಾದರೆ ನಗದು ಬೇಡ, ಬ್ಯಾಂಕಿನ ಮೂಲಕ ನಿಮ್ಮ ಹೆಸರಿಗೇ ಬರಲಿ.

ತುಮಕೂರಿನ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ವಕೀಲರ ನೆರವು ಉಚಿತ. ದೂರವಾಣಿ 15100. ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದವನ್ನು ಅಲ್ಲಿ ಒಮ್ಮೆ ಓದಿಸಿಕೊಳ್ಳಿ.